ನೂರಾ ನಲವತ್ತೆರಡು ಕುಲಾಯಿ

ಹುಬ್ಬಳ್ಳಿಯ ಬಾಣಂತಿ ಸೇವಾ ಸಂಘದಲ್ಲಿ ಬಾಣಂತಿಯೊಬ್ಬಳನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇತ್ತು. ಅಧ್ಯಕ್ಷೆಯಿದ್ದಳು, ಉಪಾಧ್ಯಕ್ಷೆಯರು ಮೂವರಿದ್ದರು, ಬಾಗಿಲ ಮೇಲೆ ಬಣ್ಣದ ಹಲಗೆಯಿತ್ತು. ಒಳಗೆ ಕಬ್ಬಿಣದ ಟ್ರಂಕಿನಲ್ಲಿ ನೂರಾ ನಲವತ್ತೆರಡು ಕುಲಾಯಿಗಳಿದ್ದವು.

ಅಧ್ಯಕ್ಷೆ ಗೌರಕ್ಕನೇ ಸಂಘ ಕಟ್ಟಿದವಳು. ತನ್ನ ಚೊಚ್ಚಲ ಹೆರಿಗೆಯಲ್ಲಿ ಮನೆತುಂಬ ಜನರಿದ್ದೂ ಅವಳ ಜೀವ ಬಾಯಿಗೆ ಬಂದಿತ್ತು. ಯಾರೂ ಇಲ್ಲದ ಗಿರಣಿ ಹೆಂಗಸರ ಪಾಡೇನು ಎಂಬ ಚಿಂತೆ ಅಂದು ಹೊಕ್ಕದ್ದು ಮತ್ತೆ ಬಿಡಲಿಲ್ಲ. ಸಂಘಕ್ಕೆ ಸೇರುವವರೆಲ್ಲ ಒಂದೊಂದು ಕುಲಾಯಿ ತರಬೇಕೆಂದು ನಿಯಮ ಮಾಡಿದಳು. ಕೂಸಿನ ತಲೆಗೆ ಕುಲಾಯಿ ಕೊಟ್ಟರೆ ಪುಣ್ಯ. ಅಲ್ಲದೆ ನಾಲ್ಕು ಮಂದಿಯ ಕಣ್ಣಿಗೂ ಬೀಳುತ್ತದೆ. ಜರಿಯವು, ಕನ್ನಡಿ ಹಚ್ಚಿದವು, ಗೊಂಡೆ ಇಳಿಬಿಟ್ಟವು, ಒಂದಕ್ಕಿಂತ ಒಂದು ಮಿಗಿಲಾದವು ಬಂದು ಬಿದ್ದವು. ಎಲ್ಲವನ್ನೂ ಹೊಲಿದವಳು ಅದೇ ಓಣಿಯ ಸಿತಾರಾ. ಆ ವರ್ಷ ಅವಳಿಗೆ ಬೇರೆ ಹೊಲಿಗೆಯೇ ಬೇಕಾಗಲಿಲ್ಲ.

ಒಂಬತ್ತು ತಿಂಗಳು ಕಳೆದವು. ಒಂದು ನರಪಿಳ್ಳೆಯೂ ಆ ಕಡೆ ಹಾಯಲಿಲ್ಲ.

ಸಂಘದ ಖೋಲಿ ಗೌರಕ್ಕನ ಅಣ್ಣ ಕುಬೇರಪ್ಪನದು. ಹತ್ತಿ ವ್ಯಾಪಾರಿ, ಆಳಿಗಿಂತ ರುಮಾಲು ದೊಡ್ಡದು ಎಂದು ಪೇಟೆಯಲ್ಲಿ ಹೆಸರು. ಮಲಗುವಾಗಲಷ್ಟೇ ಅದನ್ನು ತೆಗೆಯುತ್ತಾನೆಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಅವನು ಒಂದು ದಿನ ಟ್ರಂಕಿನ ಮುಚ್ಚಳ ತೆಗೆದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರು ಅನ್ನೂದು ಬರೇ ಗಾದಿ ಅಂತ ತಿಳಕೊಂಡಿದ್ನೆವಾ. ನನ್ನ ತಂಗಿ ಅದಕ್ಕೊಂದು ಸಂಘಾನ ಕಟ್ಯಾಳ!" ಎಂದ. ಆಮೇಲೆ ನಗು ಬಿಟ್ಟು ಹೇಳಿದ: "ಸಂಕ್ರಾಂತಿ ಆದಮ್ಯಾಲ ಹೊಸಾ ಹತ್ತಿ ಬರ್ತೈತಿ. ಅಷ್ಟರಾಗ ಒಬ್ಬಾಕಿಯರ ನಿಮ್ಮನ್ನ ಕೇಳ್ಕೊಂಡು ಬರ್ಲಿಲ್ಲಂದ್ರ ಖೋಲಿ ಖಾಲಿ ಮಾಡು."

ಗೌರಕ್ಕನಿಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮರುದಿನವೇ ಗಿರಣಿ ಚಾಳಿಗೆ ಹೋಗಿ ಸೂಲಗಿತ್ತಿ ಮುರಿಗೆವ್ವನ ಕಟ್ಟೆಯ ಮೇಲೆ ಕುಳಿತಳು. ಅರ್ಧ ಚಾಳನ್ನು ಭೂಮಿಗೆ ಇಳಿಸಿಕೊಂಡ ಮುದುಕಿ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದಳು:

"ನಿಮ್ಮ ಸಂಘ ಎಷ್ಟೊತ್ತಿಗೆ ತಗೀತೀರ್‍ರೆವಾ?"

"ಮೂರಕ್ಕ. ಐದಕ್ಕ ಹಾಕ್ತೇವಿ."

"ಗಿರಣಿ ಭೋಂಗಾ ಕೂಗಿ ಕೆಲಸ ಬಿಡೂದು ಆರಕ್ಕ."

ಗೌರಕ್ಕ ಹಣೆ ಚಚ್ಚಿಕೊಂಡಳು. ಸಂಘದ ಓದುಬರಹ ಬಲ್ಲ ಅಷ್ಟೂ ಹೆಂಗಸರಿಗೆ ಹೊಳೆಯದ ಮಾತು!

"ಅಷ್ಟಾಗಿ, ಬ್ಯಾನಿ ತಿನ್ನಾಕಿ ನಿಮ್ಮ ಟ್ರಂಕ ಹುಡುಕ್ಕೋತ ಬರ್ತಾಳೇನ್ರಿ? ಟ್ರಂಕ ಆಕಿ ಕಡೆ ಹೋಗಬೇಕು."

"ಹಂಗಾರ ಏನೇನ ಬೇಕು, ನೀನ ಹೇಳು."

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ, ಮುರಿಗೆವ್ವ ಎಲೆಯನ್ನು ಬಾಯಿಗಿಡದೆ ಕೆಳಗಿಟ್ಟಳು. ನೀರು ಕಾಯಿಸಲು ದೊಡ್ಡ ಹಂಡೆ, ಉರಿಗೆ ಕುಳ್ಳು, ಹಾಸಲು ಹೊದೆಯಲು ಮೆತ್ತನ್ನ ಅರಿವೆ, ಔಡಲೆಣ್ಣೆ, ಬಾಣಂತಿಗೆ ತಿನ್ನಲು ಅಳವಿ ಕಾಳು, ಬೆಲ್ಲ ಎಂದು ಬೆರಳು ಮಡಿಚಿದಳು. ಕಡೆಯ ಬೆರಳನ್ನು ಹಾಗೇ ಹಿಡಿದುಕೊಂಡು ಹೇಳಿದಳು: "ಮತ್ತ ಇದ್ದ ಮಕ್ಕಳನ್ನ ಹಿಡಕೊಂಡು ಕೂಡೂ ಒಂದು ಹೆಣ್ಣುಮಗಳು. ಅವು ಬಾಗಲದಾಗ ನಿಂತು ಅಳತಾವು. ತಾಯಿ ಜೀವ ಅಲ್ಲೇ ಇರತೈತಿ."

"ಕುಲಾಯಿ ಬ್ಯಾಡೇನು?"

"ಕುಲಾಯಿ ನಾವ ಹೊಲೀತೇವ್ರಿ. ಹರಕ ಸೀರ್‍ಯಾಗರ ಹೊಲೀತೇವಿ. ಅದೊಂದು ಸುಖ ನಮಗ ಬಿಡ್ರಿ."

ಗೌರಕ್ಕ ದಾರಿಯುದ್ದಕ್ಕೂ ನಾಚಿಕೆಪಟ್ಟಳು. ಮನೆ ಹತ್ತಿರವಾದಾಗ ನಗು ಬಂತು. ಅಣ್ಣ ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ.

ಸಭೆಯಲ್ಲಿ ಅವಳು ಕುಲಾಯಿಯ ನಿಯಮ ಅಳಿಸಿದಳು. ತನ್ನ ಕುರ್ಚಿಯಲ್ಲಿ ಮುರಿಗೆವ್ವನನ್ನು ಕೂಡಿಸಿ ತಾನು ಚಾಪೆಗೆ ಇಳಿದಳು. ಸಂಘ ತೆಗೆಯುವುದು ಇನ್ನು ಭೋಂಗಾ ಆದ ಮೇಲೆ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ಅದು ತಪ್ಪಿದರೆ ಆ ಕೆಲಸದವಳನ್ನೇ ಕೇಳುವುದು. ಉಪಾಧ್ಯಕ್ಷೆ ಹನುಮವ್ವನ ಪಾಲಿಗೆ ಕುಳ್ಳು ಬಂತು.

"ಉಪಾಧ್ಯಕ್ಷಿ ಆಗಿ ನಾ ಕುಳ್ಳು ಹೊರಲೇನ?" ಎಂದು ಅವಳು ಮೂಗು ಮುರಿದಳು.

"ಕುಳ್ಳು ನನಗಿರಲಿ. ನಿನಗ ಬಾಯಿ ಐತಿ, ಮಕ್ಕಳಿಗೆ ಕತಿ ಹೇಳು," ಎಂದಳು ಗೌರಕ್ಕ. ಹನುಮವ್ವ ಬಾಯಿಯ ಮಾತಿಗೆ ಮುನಿಯಬೇಕೋ ಹಿಗ್ಗಬೇಕೋ ತಿಳಿಯದೆ ಒಪ್ಪಿಕೊಂಡಳು.

ಸಿತಾರಾ ಮಾತ್ರ ಟ್ರಂಕಿನ ಮುಂದೆ ಕುಳಿತು ಗೊಣಗಿದಳು: "ನಾನ ಹೊಲದದ್ದನ್ನ ನಾನ ಬಿಚ್ಚಬೇಕೇನ್ರಿ?" ಗೊಣಗುತ್ತಲೇ ಒಂದೊಂದನ್ನೂ ಬಿಚ್ಚಿ, ಚುಚ್ಚುವ ಜರಿ ಕಿತ್ತೊಗೆದು, ತುಂಡು ತುಂಡು ಕೂಡಿಸಿ ದೊಡ್ಡ ಕೌದಿ ಹೊಲಿದಳು. ನೂರಾ ನಲವತ್ತೆರಡೂ ಅದರೊಳಗೆ ಹೋದವು. ಕೌದಿ, ಎಣ್ಣೆ, ಅಳವಿ, ಬೆಲ್ಲ ಸೇರಿ ಟ್ರಂಕು ಭರ್ತಿಯಾಯಿತು.

ಆದರೂ ಕರೆಯಲು ಯಾರೂ ಬರಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ಮರುದಿನ ಮಧ್ಯಾಹ್ನ ಕುಬೇರಪ್ಪ ಟಾಂಗಾದಲ್ಲಿ ಬಂದಿಳಿದ. ಹಿಂದೆ ಇಬ್ಬರು ಹಮಾಲರು. ಅವನು ಬರುವುದು ಗೊತ್ತಿದ್ದೇ ಗೌರಕ್ಕ, ಹನುಮವ್ವ, ಸಿತಾರಾ ಬಾಗಿಲಲ್ಲಿ ಕುಳಿತಿದ್ದರು.

"ತಂಗಿ, ಬ್ಯಾಸರ ಮಾಡ್ಕೋಬ್ಯಾಡವಾ," ಎಂದ. ಅವನ ದನಿಯಲ್ಲೂ ಬೇಸರವಿತ್ತು. ಹಮಾಲರು ಹಲಗೆ ಇಳಿಸಲು ಕೈಹಾಕಿದರು.

ಅಷ್ಟರಲ್ಲಿ ಚಾಳಿನ ಗುಡ್ಡಪ್ಪ ಏದುಸಿರು ಬಿಡುತ್ತ ಓಡಿಬಂದ. ಅವನ ಹೆಂಡತಿ ರುಕ್ಮವ್ವನಿಗೆ ದಿನ ತುಂಬುವ ಮೊದಲೇ ಬೇನೆ ಹತ್ತಿತ್ತು. "ಮುರಿಗೆವ್ವ ಟ್ರಂಕ ತರಾಕ ಹೇಳ್ಯಾಳ್ರಿ! ಲಗೂ ಬರ್ರಿ!"

ಗೌರಕ್ಕ ಅಣ್ಣನನ್ನು ನೋಡಿದಳು, ಟಾಂಗಾ ನೋಡಿದಳು. ಕುಬೇರಪ್ಪ ಹೂಂ ಅನ್ನುವುದರೊಳಗೆ ಟ್ರಂಕು ಏರಿತ್ತು, ಹನುಮವ್ವ ಏರಿದ್ದಳು, ಸಿತಾರಾ ಏರಿದ್ದಳು. ಜಾಗ ಸಾಲದೆ ಕುಳ್ಳಿನ ಬುಟ್ಟಿ ಸಾಹುಕಾರನ ತೊಡೆಯ ಮೇಲೇ ಬಂತು. ಹಂಡೆ ಹೊತ್ತು ಹಮಾಲರು ಹಿಂದೆ ಓಡಿದರು. ಪೇಟೆಯವರು ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು.

ಚಾಳಿನಲ್ಲಿ ರುಕ್ಮವ್ವನ ಎರಡು ಮಕ್ಕಳು ಹೊಸ್ತಿಲಲ್ಲಿ ನಿಂತು ಅಳುತ್ತಿದ್ದವು. ಹನುಮವ್ವ ಅವನ್ನೆತ್ತಿಕೊಂಡು ಬೇವಿನ ಮರದ ಕೆಳಗೆ ನರಿಯ ಕತೆ ಶುರುಮಾಡಿದಳು; ಸ್ವಲ್ಪ ಹೊತ್ತಿಗೆ ಮಕ್ಕಳ ನಗು ಒಳಗೆ ಕೇಳಿಸಿತು. ರುಕ್ಮವ್ವ ಮೊದಲ ಸಲ ಕಚ್ಚಿದ ಹಲ್ಲು ಸಡಿಲಿಸಿ ಉಸಿರೆಳೆದಳು. ಗೌರಕ್ಕ ಹಂಡೆಗೆ ಉರಿ ಹಾಕುತ್ತ ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಹೊತ್ತು ವಾಲಿದಾಗ ಕೂಸು ಚೀರಿತು. ಗೌರಕ್ಕ ಹೊಗೆಯ ನೆಪ ಮಾಡಿ ಚೆನ್ನಾಗಿ ಅತ್ತಳು.

"ಹೆಣ್ಣು! ತಾಯಿ-ಮಗಳು ಇಬ್ಬರೂ ಛಲೋ ಅದಾರ!" ಎಂದು ಮುರಿಗೆವ್ವ ಕೂಗಿದಳು. "ಥಂಡಿ ಐತಿ, ಒಂದು ಕುಲಾಯಿ ಕೊಡ್ರಿ!"

ಸಿತಾರಾ ಕೌದಿಯನ್ನು ನೋಡಿದಳು. ಗೌರಕ್ಕ ಸಿತಾರಾಳನ್ನು ನೋಡಿದಳು.

"ನೀ ಹೊಲದಿಲ್ಲೇನು?" ಎಂದು ಇಬ್ಬರೂ ರುಕ್ಮವ್ವನನ್ನು ಕೇಳಿದರು.

"ಹುಟ್ಟೂಕಿಂತ ಮೊದಲ ಯಾರರ ಹೊಲೀತಾರೇನ್ರಿ?" ಎಂದಳು ಅವಳು ಮಲಗಿದಲ್ಲಿಂದಲೇ.

ಆಗ ಎದ್ದ ನಗುವಿಗೆ ಚಾಳಿನ ತಗಡೇ ಹಾರಬೇಕಿತ್ತು. ಹೊರಗೆ ನಿಂತಿದ್ದ ಕುಬೇರಪ್ಪ ಏನೆಂದು ಕೇಳಿದ. ಗೌರಕ್ಕ ನಗುತ್ತ ಅಳುತ್ತ ಹೇಳಿದಳು. ಅವನು ರುಮಾಲಿಗೆ ಕೈಹಾಕಿ ಸುತ್ತು ಸುತ್ತಾಗಿ ಬಿಚ್ಚಿ, ತುದಿಯಿಂದ ಒಂದು ಮೊಳ ಪರ್ರನೆ ಹರಿದ.

"ಇವತ್ತ ಮಡಿ ಮಾಡಿದ್ದೈತಿ. ಮೆತ್ತಗೈತಿ," ಎಂದು ಬಾಗಿಲ ಸಂದಿಯಿಂದ ಕೊಟ್ಟ.

ಸಿತಾರಾ ಗಳಿಗೆಯಲ್ಲಿ ಹೊಲಿದಳು. ಗೌರಕ್ಕ ಮುರಿಗೆವ್ವನ ಮಾತು ನೆನೆದು, ಕಡೆಯ ಹೊಲಿಗೆಗೆ ಸೂಜಿಯನ್ನು ರುಕ್ಮವ್ವನ ಕೈಗೆ ಕೊಡಿಸಿದಳು.

ಕುಬೇರಪ್ಪ ಬರಿತಲೆಯಲ್ಲೇ ಪೇಟೆ ದಾಟಿ ಖೋಲಿಗೆ ಮರಳಿದ. ಹಮಾಲರು ತಲೆ ಕೆರೆದುಕೊಂಡು ಕೇಳಿದರು: "ಸಾವಕಾರ್ರ, ಖಾಲಿ ಮಾಡೂಣೇನ್ರಿ?"

"ಹತ್ತಿ ಬ್ಯಾರೆ ಕಡೆ ಇಡ್ರೋ," ಎಂದ ಕುಬೇರಪ್ಪ. "ಮೊದಲ ಆ ಬಾಗಲಾ ತಗೀರಿ. ಭೋಂಗಾ ಆಗೂ ಹೊತ್ತಾತು."