ಬೆಚ್ಚಗಿದ್ದ ಗರಗಸ

ಮೊಳಕೈ ಮುರಿದ ಮೇಲೆ ನಮ್ಮ ಯಜಮಾನರಿಗೆ ಕಟ್ಟಿಗೆ ಕೊಯ್ಯುವ ಹಳೆಯ ಮಷೀನಿನ ಹಗ್ಗ ಎಳೆದು ಶುರುಮಾಡಲು ಆಗುತ್ತಿರಲಿಲ್ಲ. ಆದರೂ ಸ್ನಾನದ ನೀರೊಲೆಯ ಕಟ್ಟಿಗೆ ತಾವೇ ಕೊಯ್ಯಬೇಕೆಂಬ ಹಟ. ಹೊಸದು ಕೊಳ್ಳಲು ಗಡಹಿಂಗ್ಲಜಕ್ಕೆ ಹೋದೆವು.

“ಕಾಕಾ, ಬ್ಯಾಟರೀದು ತಗೋರಿ. ಬಟನ್ ಒತ್ತಿದ್ರ ಸಾಕು,” ಎಂದ ಅಂಗಡಿಯ ದತ್ತಾ.

“ಅದರಾಗ ಬದನಿಕಾಯಿ ಹೆಚ್ಚೋ ತಮ್ಮಾ. ದೊಡ್ಡ ಪೆಟ್ರೋಲಿಂದು ತೋರ್ಸು!”

ದತ್ತಾ ಇವರ ಸೊಟ್ಟಗಾದ ಮೊಳಕೈ ನೋಡಿದ. ಇವರು ಚಹಾಕ್ಕೆ ಹೋದಾಗ ಮಷೀನನ್ನು ಅಂಗಡಿಯ ಹಿಂದಕ್ಕೆ ಒಯ್ದು, ತಾನೇ ಶುರುಮಾಡಿ, ಇಂಜಿನ್ ಬಿಸಿಯಾದ ಮೇಲೆ ಆರಿಸಿ ತಂದುಕೊಟ್ಟ. ಇವರ ಒಂದೇ ಎಳೆತಕ್ಕೆ ಅದು ಗುಡುಗಿತು, ಇವರು ನಕ್ಕು ಅದನ್ನೇ ಕೊಂಡರು. ಅವನ ಒಳ್ಳೆಯತನಕ್ಕೆ ನನ್ನ ಕಣ್ಣು ತುಂಬಿತು.

ಮರುದಿನ ಅಂಗಳದಲ್ಲಿ ತಣ್ಣಗಿನ ಮಷೀನು ತೋಳು ಸೋಲುವವರೆಗೆ ಎಳೆದರೂ ಶುರುವಾಗಲಿಲ್ಲ.

“ಅಂವಾ ಮೊದ್ಲ ಬಿಸಿ ಮಾಡಿ ಕೊಟ್ಟಿದ್ನೇನು?”

“ಹೌದ್ರಿ.”

“ಭಾಳ ಒಳ್ಳೇ ಹುಡುಗ,” ಎಂದು ಕೊರಡಿನ ಮೇಲೆ ಕುಳಿತರು. ಅಂದು ತಣ್ಣೀರನ್ನೇ ಹೊಯ್ದುಕೊಂಡರು.