ಬಲಗಡೆಯ ಚೀಲ

ರಮ್ಯಾಳಿಗೆ ಚುಚ್ಚುಮದ್ದು ಹಾಕಿಸಲು ಹೊಸದುರ್ಗಕ್ಕೆ ಹೊರಟಿದ್ದೆ. ಹೇಗೂ ಹೋಗುತ್ತೀಯಲ್ಲ, ಅಂಗಡಿಗೆ ಹಾಕಿಬಿಡು ಎಂದು ನಮ್ಮೆಜಮಾನರು ಸೈಕಲ್ಲಿನ ಕ್ಯಾರಿಯರಿಗೆ ತೆಂಗಿನಕಾಯಿ ಚೀಲಗಳನ್ನು ಇಳಿಬಿಟ್ಟು ಕಟ್ಟಿದರು, ಎಡಕ್ಕೊಂದು, ಬಲಕ್ಕೊಂದು. ಮಗಳು ನನ್ನ ಮುಂದೆ, ಹ್ಯಾಂಡಲಿಗೆ ಸಿಕ್ಕಿಸಿದ ಪುಟ್ಟ ಸೀಟಿನಲ್ಲಿ. ಹಿಂದಿನ ಭಾರಕ್ಕೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಆಡುತ್ತಿತ್ತು. ಆದರೂ ನಿಧಾನವಾಗಿ ತುಳಿದರೆ ನೆಟ್ಟಗೇ ಹೋಗುತ್ತಿತ್ತು.

ದಾರಿಯಲ್ಲಿ, ಕೆರೆಗಿಂತ ಮೇಲೆ, ನಮ್ಮೆಜಮಾನರ ಅಕ್ಕ ಚಂದ್ರಕ್ಕನ ಮನೆ. ಮರುದಿನ ಅವರ ಮಗಳ ಸೀಮಂತ. ನನ್ನನ್ನು ಕಂಡವರೇ ಅಡ್ಡ ನಿಂತರು.

“ಮಡಿಲು ತುಂಬಾಕೆ ಕಾಯಿ ಸಾಲ್ತಿಲ್ಲ ಕಣೇ ಶೋಭಾ. ತಮ್ಮನ ತೋಟದ್ದು ಬಾಗಿಲಿಗೇ ಬಂದೈತೆ, ಬಿಡ್ತೀನಾ!”

ನಾನು ಎರಡೂ ಚೀಲಗಳ ಬಾಯಿ ಬಿಚ್ಚಲು ಹೋದೆ.

“ಏಯ್, ಎಡಗಡೇದು ಮುಟ್ಟಬ್ಯಾಡ! ಶುಭಕಾರ್ಯಕ್ಕೆ ಬಲಗಡೇದೇ ತೆಗೀಬೇಕು. ಕಾಲೇಜು ಓದಿದೋಳಿಗೆ ಇಷ್ಟೂ ಗೊತ್ತಿಲ್ವಾ?”

“ಒಂದೇ ಕಡೆ ಭಾರ ಆಗುತ್ತೆ ಅತ್ತಿಗೆ.”

“ಸೈಕಲ್ಲಿಗೇನು ಎಡ ಬಲ ಗೊತ್ತಾಗ್ತೈತಾ? ಹೋಗವ್ವ, ಹೋಗು.”

ಹಿರಿಯರು. ಬಲಗಡೆಯದನ್ನೇ ಬಿಚ್ಚಿದೆ. ಬಲಗಡೆಯ ಚೀಲ ಹೆಚ್ಚುಕಡಿಮೆ ಬರಿದಾಯಿತು.

ಅಲ್ಲಿಂದ ಕೆರೆ ಏರಿಯವರೆಗೆ ಇಳಿಜಾರು. ಹತ್ತಿದ ಕೂಡಲೇ ಸೈಕಲ್ ಎಡಕ್ಕೆ ವಾಲಿತು. ಮೈಯನ್ನು ಬಲಕ್ಕೆ ಚಾಚಿ ಹೇಗೋ ಸರಿಮಾಡಿಕೊಂಡೆ. ಇಳಿದು ತಳ್ಳಿಕೊಂಡು ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಇಳಿಜಾರು ಎಳೆದುಕೊಂಡಿತ್ತು. ಹಿಂದಿನ ಬ್ರೇಕ್ ಒತ್ತಿದೆ, ಭಾರ ನಿಲ್ಲಲಿಲ್ಲ. ಮುಂದಿನದನ್ನು ಒತ್ತಲು ಧೈರ್ಯ ಬರಲಿಲ್ಲ. ಆ ಹಗುರ ಚಕ್ರ ಜಾರಿದರೆ ಮಗಳೇ ಮೊದಲು ಬೀಳುತ್ತಾಳೆ.

ಏರಿ ಬಂದೇಬಿಟ್ಟಿತು. ಎಡಕ್ಕೆ ನೀರು. ತಡೆಗೋಡೆ ಇಲ್ಲ. ಆ ಕಡೆಯ ಚೀಲ ತೂಗಾಡಿದಾಗಲೆಲ್ಲ ಚಕ್ರ ಅಂಚಿಗೆ ಸರಿಯುತ್ತಿತ್ತು. ನಾನು ಬಲಕ್ಕೆ ಎಳೆದಷ್ಟೂ ಹ್ಯಾಂಡಲ್ ನಡುಗುತ್ತಿತ್ತು.

“ಅಮ್ಮ, ಕೊಕ್ಕರೆ!” ರಮ್ಯಾ ನೀರಿನ ಕಡೆಗೇ ಬಾಗಿದಳು.

“ಅಲ್ಲಾಡಬೇಡ ಪುಟ್ಟಿ.”

ಚಕ್ರದ ಕೆಳಗೆ ಅಂಚಿನ ಮಣ್ಣು ಉದುರಿದ್ದು ಕಂಡಿತು. ಹ್ಯಾಂಡಲ್ ಬಿಟ್ಟೆ. ಮಗಳನ್ನು ಸೀಟಿನಿಂದ ಬಾಚಿಕೊಂಡು ಬಲಕ್ಕೆ ಬಿದ್ದೆ. ಸೈಕಲ್ ತನ್ನಷ್ಟಕ್ಕೆ ಎಡಕ್ಕೆ ತಿರುಗಿ, ಕಲ್ಲುಗಳ ಮೇಲೆ ಸದ್ದು ಮಾಡುತ್ತ ನೀರಿಗೆ ಮಗುಚಿತು.

ರಮ್ಯಾ ಅಳಲಿಲ್ಲ. ಕಣ್ಣು ಬಿಟ್ಟೇ ಇದ್ದಳು, ಆದರೆ ಸದ್ದಿಲ್ಲ. ನಾನು ಅವಳ ಬೆನ್ನು ತಟ್ಟಿದೆ, ಹೆಸರು ಕೂಗಿದೆ. ಆಮೇಲೆ ಒಮ್ಮೆಗೇ ಬಿಕ್ಕಿ ಅಳತೊಡಗಿದಳು.

ಚಂದ್ರಕ್ಕ ಸೆರಗು ಜಾರಿದ್ದೂ ಕಾಣದೆ ಓಡಿಬಂದರು. ಕಾಯಿಗಳು ತೇಲಿಹೋಗುತ್ತಿದ್ದವು, ಆ ಕಡೆ ನೋಡಲೂ ಇಲ್ಲ. ಮಗುವಿನ ಕೈಕಾಲು ಮುಟ್ಟಿ ಮುಟ್ಟಿ ನೋಡಿದರು.

“ಏನೂ ಆಗಿಲ್ಲ ಕಣೇ. ಕೊಡು ಇಲ್ಲಿ.”

ಕೊಡಬೇಕೆಂದುಕೊಂಡೆ. ಕೈಗಳು ಬಿಡಲಿಲ್ಲ.

“ಸಡ್ಲ ಮಾಡೇ ತಾಯಿ, ಕೂಸಿಗೆ ಉಸುರು ಕಟ್ತೈತೆ,” ಎನ್ನುತ್ತ ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.