ದಕ್ಷಿಣಕ್ಕೆ ಮುಖ ಮಾಡಿದ ರಾಣಿ

ಮರಾಠಿ ಸೀಮೆಯಲ್ಲಿ ಕಾತ್ರಜ ಘಾಟು ದಾಟಿ ಭೋರ್ ಕಡೆಗೆ ತಿರುಗಿದರೆ ಶಿವಪುತ್ರಪ್ಪ ಸಾಹುಕಾರರ ಜೇನು ತಳಿ ಸುಧಾರಣಾ ಕೇಂದ್ರ. ಸೀರೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ವಿಜ್ಞಾನಿಯಾದವರು ಅವರು. ಕಚ್ಚದ ಜೇನು ಹುಟ್ಟಿಸುವುದು ಅವರ ಜೀವನದ ಗುರಿ. ಅನಾದಿ ಕಾಲದಿಂದ ಮುಳ್ಳು ಹೊತ್ತು ತಿರುಗುತ್ತಿದ್ದ ಹುಳುಗಳಿಗೆ ಕೊನೆಗೂ ಬುದ್ಧಿ ಹೇಳುವವರೊಬ್ಬರು ಸಿಕ್ಕಿದ್ದರು.

ವಿಧಾನ ಸರಳ. ಸೋಮವಾರ ಸ್ನಾನ ಮಾಡಿ, ವಿಭೂತಿ ಬಳಿದು, ಪ್ರತಿ ಪೆಟ್ಟಿಗೆಗೂ ಲೋಬಾನದ ಹೊಗೆ ಹಿಡಿದು ಪೂಜೆ. ಆಮೇಲೆ ಮುಚ್ಚಳ ತೆಗೆದು ಒಳಗೆ ಬರಿಗೈ ಇಡುವುದು. ಕಚ್ಚದಿದ್ದರೆ ಆ ರಾಣಿಯಿಂದ ಮರಿರಾಣಿಯರನ್ನು ಬೆಳೆಸುವುದು. ಕಚ್ಚಿದರೆ ರಾಣಿಯ ತಲೆ ಚಿವುಟಿ, ಸಾಧು ವಂಶದವಳನ್ನು ಕೂರಿಸುವುದು. ಹೊಗೆ ಬಿದ್ದರೆ ಯಾವ ಜೇನೂ ಮೆತ್ತಗಾಗುತ್ತದೆಂಬುದು ಜೇನು ಕೀಳುವವರಿಗೆಲ್ಲ ಗೊತ್ತು. ಕೆಲಸಕ್ಕಿದ್ದ ರೋಹಿತ ಒಮ್ಮೆ ಹೇಳಿಯೂ ಹೇಳಿದ್ದ. ಸಾಹುಕಾರರು ಗದರಿದ್ದರು.

“ಹೊಗಿ ಬ್ಯಾರೆ, ಪೂಜಾ ಬ್ಯಾರೆ. ಎಂಟನೇ ಇಯತ್ತೆಗೇ ಸಾಲಿ ಬಿಟ್ಟಾಂವ ನನಗ ಕಲಿಸ್ತೀ ಏನ್ಲೇ?”

ಸಾಲಿನ ಕೊನೆಯ ಪೆಟ್ಟಿಗೆ ಮಾತ್ರ ಪೂಜೆಗೆ ಹೊರಗು. ಗೋಡೆಯ ಇಕ್ಕಟ್ಟಿನಲ್ಲಿ ಅದರ ಬಾಗಿಲು ದಕ್ಷಿಣಕ್ಕಿತ್ತು. ಯಮನ ದಿಕ್ಕಿಗೆ ಲೋಬಾನ ಹಿಡಿಯಲು ಸಾಹುಕಾರರೇನು ಹುಚ್ಚರೇ? ಆ ಜೇನನ್ನು ಭೋರ್ ಗುಡ್ಡದ ಮರದ ಪೊಟರೆಯಿಂದ, ಮುಖವೆಲ್ಲ ಊದಿಸಿಕೊಂಡು, ರೋಹಿತನೇ ತಂದಿದ್ದ. ಈ ಲೋಕದಲ್ಲಿ ಅವನು ‘ನಂದು’ ಅನ್ನುತ್ತಿದ್ದುದು ಅದೊಂದನ್ನೇ.

ಒಂದು ಸೋಮವಾರ ಸಾಹುಕಾರರು ಪೂಜೆಯಿಲ್ಲದ ಆ ಪೆಟ್ಟಿಗೆಯಲ್ಲೂ ಕೈ ಇಟ್ಟರು. ಮರುಕ್ಷಣ ಧೋತರ ಎತ್ತಿಕೊಂಡು ಮಾವಿನ ಗಿಡದ ತನಕ ಓಡಿದರು.

“ರೋಹಿತ್ಯಾ! ಚಿವುಟಲೇ ಅದರ ರಾಣಿ ತಲಿ! ರಕ್ತನ ಕೆಟ್ಟೈತಿ!”

“ರಾಣಿ ಏನ್ ಮಾಡ್ಯಾಳ್ರಿ?”

“ಚಿವುಟತೀಯೋ, ಪೆಟ್ಟಿಗೀನ ಸುಡ್ಲ್ಯೊ?”

ರೋಹಿತನ ಮೈ ಉರಿಯಿತು. ಬಾಯಿಗೆ ಬಂದ ಬೈಗುಳವನ್ನು, ಅದೂ ಅಪ್ಪಟ ಮರಾಠಿ ಬೈಗುಳವನ್ನು, ನುಂಗಿಕೊಂಡ. ಬೈದರೆ ರಾಣಿ ಉಳಿಯುವುದಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಸಾಹುಕಾರರ ತಾಯಿ ಶಿವಬಸವ್ವನ ಕಡೆ ತಿರುಗಿದ.

“ಆಯೀ, ಸೋಮವಾರ ದಿನಾನ ಕೊಲ್ಲಂತಾರ. ಪಾಪ ನಿಮ್ಮ ಮನಿಗೆ ಬರ್ತದೋ, ನನಗೋ?”

ಮುದುಕಿ ದಡಬಡಿಸಿ ಎದ್ದಳು. “ಶಿವಪುತ್ರಾ, ಕುರಿ ಕಡ್ಯಾವ್ರೂ ಮೊದಲ ಪೂಜಾ ಮಾಡ್ತಾರ. ಅವರಕಿಂತ ಕಡೆ ಆದ್ಯೇನೋ? ದಕ್ಷಿಣ ಇದ್ರ ಪೆಟ್ಟಿಗಿ ತಿರುಗಿಸ್ರಿ!”

ಪೆಟ್ಟಿಗೆ ಪೂರ್ವಕ್ಕೆ ತಿರುಗಿತು. ರೋಹಿತ ಕೆಂಡಕ್ಕೆ ಭಕ್ತಿಯಿಂದ ಲೋಬಾನ ಸುರಿದ. ಭಕ್ತಿ ಎಷ್ಟಿತ್ತೆಂದರೆ ಮುದುಕಿ ಕೆಮ್ಮತೊಡಗಿದಳು. ಬಳಿಕ ಮುಚ್ಚಳ ತೆಗೆದ.

“ಕಡೀ ಸಲ ಒಮ್ಮೆ ಕೈ ಇಟ್ಟು ನೋಡ್ರಿ, ಸಾವ್ಕಾರ್ರ.”

ಸಾಹುಕಾರರು ಮೊದಲು ಬೆರಳಿಟ್ಟರು. ಆಮೇಲೆ ಇಡೀ ಅಂಗೈ. ಒಂದು ಹುಳವೂ ತಿರುಗಿ ನೋಡಲಿಲ್ಲ.

“ಯವ್ವಾ! ತಳಿ ಸುಧಾರಿಸ್ತು ನೋಡು! ದಿಕ್ಕಿನ ದೋಷ ಇತ್ತು, ರಕ್ತ ಬಂಗಾರ ಐತಿ!”

ಲೋಬಾನ ಆರುವುದರೊಳಗೆ ತಳಿ ಸುಧಾರಿಸಿದ ವಿಜ್ಞಾನಿ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ರಾಣಿಗೆ ‘ಶಿವಬಸವ್ವ’ ಎಂದೇ ಹೆಸರಿಟ್ಟರು. ಇನ್ನು ಮುಂದೆ ಎಲ್ಲ ಪೆಟ್ಟಿಗೆಗೂ ಅವಳ ಮಕ್ಕಳೇ ರಾಣಿಯರು.

“ಇಕಿ ಇಲ್ಲೇ ಇದ್ದು ಸಂತಾನ ಬೆಳಸ್ಲಿ. ಬರೋ ಐತಾರ ಶಿವಾಜಿನಗರದ ಸಭಾ ಹಾಲಿನಾಗ ಜೇನಿನ ಪ್ರದರ್ಶನ ಐತಿ, ಅಲ್ಲಿ ಸಾಲಿನ ಮೊದಲನೇ ಪೆಟ್ಟಿಗಿ ತಗದು ತೋರಸ್ತೀನಿ. ಮಂದಿ ನಡುವ, ಬರಿಗೈಲೆ!”

“ಲೋಬಾನ ತರ್ಲೇನ್ರಿ?”

“ಅಲ್ಲಿ ಬೆಂಕಿ ಹಚ್ಚಂಗಿಲ್ಲಂತ. ಯಾಕ ಬೇಕು? ರಕ್ತನ ಸಾಧು ಐತಲ್ಲ!”

ಹೊಗೆಯ ವಿಷಯ ರೋಹಿತ ಒಮ್ಮೆ ಹೇಳಿಯಾಗಿತ್ತು. ಎಂಟನೇ ಇಯತ್ತೆಯವನು ದೊಡ್ಡವರಿಗೆ ಎರಡೆರಡು ಸಲ ಪಾಠ ಹೇಳಬಾರದು.

“ಬರೋಬರಿ ಅದರಿ,” ಎಂದ. “ಆ ಹಾಲಿಗೆ ಬಾಗಲಾ ಯಾವ ಕಡೆ ಅದಾವ್ರಿ?”

“ಯಾಕ್ಲೇ?”

“ದಿಕ್ಕು ನೋಡಾಕ್ರಿ.”